ಬೆಟ್ಟದ ಮೇಲಿನ ಖಾಸಗಿ ಗಾಲ್ಫ್ ಕೋರ್ಸ್‌ಗೆ ಕರೆ ಬಂದಿದೆ: ಕ್ಯಾಸಲ್ ಪೈನ್ಸ್ ಗೊತ್ತಿರುವವರು ದಾರಿ ಹೇಳಿ

ಶರಾವತಿ ಹಿನ್ನೀರು (ಆಗಸ್ಟ್ 6)

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಆರು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಗಾಲ್ಫ್ ಹಿಡಿದು ನಾಲ್ಕು ವರ್ಷ ಆಯ್ತು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಸಿಗುವ ಹೊಡೆತಗಳ ರಿಯಾಯಿತಿ) 22. ಆಡಿದ್ದೆಲ್ಲ ಇಲ್ಲಿನ ಊರ ಕೋರ್ಸ್‌ಗಳಲ್ಲಿ. ಅವು ಸಮುದ್ರಮಟ್ಟಕ್ಕೆ ಹತ್ತಿರ, ಹೆಚ್ಚುಕಡಿಮೆ ಸಪಾಟು ನೆಲ.

ಈ ತಿಂಗಳ ಕೊನೆಗೆ ಕೆಲಸದ ಮೇಲೆ ಡೆನ್ವರ್‌ಗೆ ಹೋಗಬೇಕು. ನಮ್ಮ ಕಂಪನಿ ಜೊತೆ ವ್ಯವಹಾರ ಇರುವ ಹಿರಿಯರೊಬ್ಬರು ಕ್ಯಾಸಲ್ ಪೈನ್ಸ್ ಗಾಲ್ಫ್ ಕ್ಲಬ್‌ನ ಸದಸ್ಯರು. "ಒಂದು ದಿನ ಮುಂಚೆ ಬಾ, ಆಡೋಣ" ಅಂದಿದ್ದಾರೆ. ಒಪ್ಪಿಕೊಂಡೆ. ಆಮೇಲೆ ಆ ಕೋರ್ಸ್ ಬಗ್ಗೆ ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಜಾಕ್ ನಿಕ್ಲಾಸ್ ವಿನ್ಯಾಸ, ಆರು ಸಾವಿರ ಅಡಿಗೂ ಮೇಲೆ, ಮೊದಲ ಹೋಲ್ ಹಿಂದಿನ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) 644 ಗಜ!

ನನ್ನ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕೋಲು, ಅಂದರೆ ಕ್ಲಬ್) ಇಲ್ಲಿ 125 ಗಜ ಹೋಗುತ್ತೆ, ಅತಿ ದೂರದ ಕ್ಲಬ್ ಆದ ಡ್ರೈವರ್ ಚೆನ್ನಾಗಿ ಬಿದ್ದರೆ 185. ಚೆಂಡು ಬಲಕ್ಕೆ ಬಾಗುವ ಹಳೇ ರೋಗವೂ ಇದೆ. ಕೇಳೋದು ಮೂರು: ಎತ್ತರದಲ್ಲಿ ಚೆಂಡು ನಿಜವಾಗಿ ಎಷ್ಟು ದೂರ ಹೋಗುತ್ತೆ? ಕ್ಯಾಡಿ (ಚೀಲ ಹೊತ್ತು ಸಲಹೆ ಕೊಡುವವರು) ಜೊತೆ ನಾನು ಯಾವತ್ತೂ ಆಡಿಲ್ಲ, ಹೇಗೆ ನಡೆದುಕೊಳ್ಳಬೇಕು? ಕರೆದವರ ಮರ್ಯಾದೆ ಕಳೆಯದ ಹಾಗೆ ಆಡಿ ಬರೋದು ಹೇಗೆ?

ಗಾಳಿಗಣಿತ (ಆಗಸ್ಟ್ 6)

ಮೇಡಂ, ನಾನು ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಇದ್ದೀನಿ, ಊರು ದಾವಣಗೆರೆ. ಕ್ಯಾಸಲ್ ಪೈನ್ಸ್ ನಮಗೂ ಡೆನ್ವರ್‌ಗೂ ಮಧ್ಯೆ, ಕ್ಯಾಸಲ್ ರಾಕ್ ಹತ್ತಿರ. ಒಳಗೆ ಕಾಲಿಟ್ಟಿಲ್ಲ, ಆದರೆ ಈ ಎತ್ತರದಲ್ಲಿ ಹತ್ತು ವರ್ಷದಿಂದ ಆಡ್ತಿದ್ದೀನಿ. ನಿಮ್ಮ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ.

6,200 ಅಡಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಆರನೇ ಒಂದು ಪಾಲು ತೆಳು. ಚೆಂಡನ್ನು ತಡೆಯೋ ಶಕ್ತಿ ಅಷ್ಟು ಕಡಿಮೆ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಸಿಕ್ಸರ್ ಸಲೀಸು ಅಂತ ಕಾಮೆಂಟರಿಯಲ್ಲಿ ಕೇಳಿರ್ತೀರಲ್ಲ, ಬೌಂಡರಿ ಚಿಕ್ಕದು ಅನ್ನೋದರ ಜೊತೆಗೆ ಬೆಂಗಳೂರಿನ 3,000 ಅಡಿ ಎತ್ತರವೂ ಅದಕ್ಕೆ ಕಾರಣ. ಇಲ್ಲಿ ಅದರ ಎರಡರಷ್ಟು ಎತ್ತರ.

ಆಟಗಾರರು ಬಳಸೋ ಸುಲಭ ಲೆಕ್ಕ: ಅಡಿಯಲ್ಲಿರೋ ಎತ್ತರವನ್ನು 0.00116ರಿಂದ ಗುಣಿಸಿದರೆ ಶೇಕಡಾ ಎಷ್ಟು ಹೆಚ್ಚು ಅಂತ ಸಿಗುತ್ತೆ. 6,200ಕ್ಕೆ ಸುಮಾರು 7. ನಿಮ್ಮ 125 ಗಜದ 7 ಐರನ್ 134 ಆಗುತ್ತೆ. ಅತಿ ವೇಗವಾಗಿ ಹೊಡೆಯೋ ವೃತ್ತಿಪರರು ಇಲ್ಲಿ ಶೇಕಡಾ 10ರ ಲೆಕ್ಕ ಹಾಕ್ತಾರೆ. ನಮ್ಮಂಥವರು ಆ ಸಂಖ್ಯೆ ನಂಬಿಕೊಂಡರೆ ಚೆಂಡು ಮುಂದಿನ ಬಂಕರ್‌ಗೇ (ಮರಳಿನ ಗುಂಡಿ) ಬೀಳುತ್ತೆ. ಹತ್ತಿರದ ಹೊಡೆತದ ಕ್ಲಬ್ ಆದ ವೆಜ್‌ನ ಸಣ್ಣ ಹೊಡೆತಗಳಲ್ಲಿ ವ್ಯತ್ಯಾಸ ಬಹಳ ಕಡಿಮೆ.

ಎಲ್ಲರೂ ದೂರದ ಬಗ್ಗೆ ಮಾತ್ರ ಮಾತಾಡ್ತಾರೆ. ಇದರ ಇನ್ನೊಂದು ಮುಖ ಮುಖ್ಯವಾದದ್ದು. ಚೆಂಡು ತಿರುಗುತ್ತಾ ಗಾಳಿಯನ್ನು ಹಿಡಿದುಕೊಂಡೇ ಮೇಲೇರೋದು. ಗಾಳಿ ತೆಳುವಾದರೆ ಆ ಹಿಡಿತವೂ ತೆಳು. ಹಾಗಾಗಿ ಚೆಂಡು ಸ್ವಲ್ಪ ತಗ್ಗಿನಲ್ಲಿ ಹಾರಿ, ಓರೆಯಾಗಿ ನೆಲ ಮುಟ್ಟಿ, ಜಾಸ್ತಿ ಉರುಳುತ್ತೆ. ಗ್ರೀನ್ (ಗುಳಿ ಇರೋ ನುಣುಪು ಹುಲ್ಲಿನ ಜಾಗ) ಮೇಲೆ ಬಿದ್ದ ಜಾಗದಲ್ಲೇ ನಿಲ್ಲುತ್ತೆ ಅಂತ ಅಂದುಕೊಳ್ಳಬೇಡಿ. ಇದರಿಂದ ನಿಮಗೊಂದು ಲಾಭವೂ ಉಂಟು: ಬಲಕ್ಕೆ ಬಾಗೋ ರೋಗ ಅಂದ್ರಲ್ಲ, ಅದು ಇಲ್ಲಿ ಕಡಿಮೆ ಬಾಗುತ್ತೆ.

ಆಟಕ್ಕೆ ಮುಂಚೆ ಅಭ್ಯಾಸದ ಜಾಗ, ಅಂದ್ರೆ ರೇಂಜ್‌ನಲ್ಲಿ ಅರ್ಧ ಗಂಟೆ ಇರಲಿ. ಮೂರೇ ಕ್ಲಬ್ ತಗೊಳ್ಳಿ, ಒಂದೊಂದರಲ್ಲಿ ಹತ್ತು ಚೆಂಡು ಹೊಡೆದು ದೂರ ಬರೆದುಕೊಳ್ಳಿ. ನನ್ನ ಲೆಕ್ಕಕ್ಕಿಂತ ಆ ಕಾಗದ ನಂಬಿ.

ಹುಬ್ಬಳ್ಳಿ ಹೈದ (ಆಗಸ್ಟ್ 7)

ಅಕ್ಕಾರ, ನಾ ಗಾಲ್ಫ್ ಆಡಿದಾಂವ ಅಲ್ಲ. ಟಿವ್ಯಾಗ ನೋಡೂದು ಈಗ ಎರಡು ವರ್ಷಾತು, ಅರ್ಧ ತಿಳೀತೈತಿ, ಅರ್ಧ ತಿಳ್ಯಾಂಗಿಲ್ಲ. 2024ರಾಗ ಇದ ಕ್ಯಾಸಲ್ ಪೈನ್ಸ್‌ನ್ಯಾಗ ಬಿಎಂಡಬ್ಲ್ಯೂ ಚಾಂಪಿಯನ್‌ಶಿಪ್ ಆಗಿತ್ತಲ್ರೀ, ಕೀಗನ್ ಬ್ರಾಡ್ಲಿ ಗೆದ್ದದ್ದು? ಅಷ್ಟು ದೊಡ್ಡ ಮೈದಾನ ಇದ್ದೂ ಅದರ ಹೆಸರ ಮೊದಲ ಯಾಕ ಕೇಳಿದ್ದಿಲ್ಲ? ಬಲ್ಲವರು ಯಾರರ ಹೇಳ್ರಿ.

ಮೂರನೇ ಟೀ (ಆಗಸ್ಟ್ 7)

ಹುಬ್ಬಳ್ಳಿಯ ತಮ್ಮನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಾನು ಬೆಂಗಳೂರಿನವನು, ನಿವೃತ್ತ. ಮೂವತ್ತು ವರ್ಷಗಳಿಂದ ಆಡುತ್ತಿದ್ದೇನೆ, ಅದಕ್ಕಿಂತ ಹೆಚ್ಚು ಕಾಲದಿಂದ ಓದುತ್ತಿದ್ದೇನೆ.

ಈ ಕ್ಲಬ್ಬನ್ನು ಕಟ್ಟಿದವರು ಜಾಕ್ ವಿಕರ್ಸ್ ಎಂಬ ತೈಲೋದ್ಯಮಿ. ಕೋರ್ಸ್ ತೆರೆದದ್ದು 1981ರಲ್ಲಿ. 1986ರಿಂದ 2006ರವರೆಗೆ ಪ್ರತಿ ವರ್ಷ ಅಲ್ಲಿ 'ದಿ ಇಂಟರ್‌ನ್ಯಾಷನಲ್' ಎಂಬ ಪಂದ್ಯಾವಳಿ ನಡೆಯುತ್ತಿತ್ತು. ಅದು ನಿಂತ ಮೇಲೆ ಹೆಚ್ಚುಕಡಿಮೆ ಹದಿನೆಂಟು ವರ್ಷ ಪಿಜಿಎ ಟೂರ್ (ಅಮೆರಿಕದ ವೃತ್ತಿಪರ ಪಂದ್ಯಗಳ ಸರಣಿ) ಅಲ್ಲಿಗೆ ಹೋಗಲಿಲ್ಲ. ಖಾಸಗಿ ಕ್ಲಬ್ ಆದ್ದರಿಂದ ಹೊರಗಿನವರ ಕಣ್ಣಿಗೂ ಬೀಳಲಿಲ್ಲ. ನೀನು ಕೇಳಿರದಿದ್ದರೆ ಆಶ್ಚರ್ಯವಿಲ್ಲ.

ಆ ಹಳೆಯ ಪಂದ್ಯಾವಳಿಯ ಸೊಗಸು ಅದರ ಅಂಕ ಪದ್ಧತಿಯಲ್ಲಿತ್ತು. ಸಾಮಾನ್ಯವಾಗಿ ಹೊಡೆತಗಳನ್ನು ಎಣಿಸುತ್ತಾರೆ, ಕಡಿಮೆ ಹೊಡೆದವರು ಗೆಲ್ಲುತ್ತಾರೆ. ಅಲ್ಲಿ ಪ್ರತಿ ಹೋಲ್‌ಗೆ ಅಂಕ. ಪಾರ್, ಅಂದರೆ ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತಗಳಿಗೆ, ಸೊನ್ನೆ. ಪಾರ್‌ಗಿಂತ ಒಂದು ಕಡಿಮೆ, ಅಂದರೆ ಬರ್ಡಿಗೆ 2. ಎರಡು ಕಡಿಮೆಯಾದರೆ ಈಗಲ್, ಅದಕ್ಕೆ 5. ಮೂರು ಕಡಿಮೆಯ ಆಲ್ಬಟ್ರಾಸ್‌ಗೆ 8. ಒಂದು ಹೆಚ್ಚಾದರೆ ಒಂದಂಕ ಹೋಗುತ್ತದೆ, ಎರಡೋ ಅದಕ್ಕಿಂತಲೋ ಹೆಚ್ಚಾದರೆ ಮೂರು ಹೋಗುತ್ತದೆ, ಅಷ್ಟೇ. ಕಳೆದುಕೊಳ್ಳುವುದಕ್ಕೆ ಮಿತಿ ಇದೆ, ಗಳಿಸುವುದಕ್ಕೆ ಎದೆಗಾರಿಕೆ ಬೇಕು. ಬೆಟ್ಟದ ಗಾಳಿಯಲ್ಲಿ ಪಾರ್ 5ರ ಗ್ರೀನನ್ನು ಎರಡೇ ಹೊಡೆತಕ್ಕೆ ಮುಟ್ಟಬಹುದಾದ ಕಡೆ ಇಂಥ ಪದ್ಧತಿ ಇಟ್ಟರೆ ಆಟ ಹೇಗಿದ್ದೀತು ಯೋಚಿಸು. 2002ರಲ್ಲಿ ಸ್ಟೀವ್ ಲೌರಿ 17ನೇ ಹೋಲ್‌ನಲ್ಲಿ ಆಲ್ಬಟ್ರಾಸ್ ಹೊಡೆದು ಒಂದೇ ಏಟಿಗೆ ಎಂಟಂಕ ಪಡೆದರು. ಆದರೂ ಗೆದ್ದವರು ರಿಚ್ ಬೀಮ್, 44ಕ್ಕೆ 43. ಆ ಸಂಜೆಯನ್ನು ನಾನು ಈಗಲೂ ನೆನೆಯುತ್ತೇನೆ.

2024ರ ಸಂಗತಿ ನಿನಗೇ ಗೊತ್ತು. ಅಂದು ಕೋರ್ಸ್‌ನ ಉದ್ದ 8,130 ಗಜ, ಪಿಜಿಎ ಟೂರ್ ಚರಿತ್ರೆಯಲ್ಲಿ ಅಷ್ಟು ಉದ್ದದ್ದು ಅದಕ್ಕೆ ಮುಂಚೆ ಇರಲಿಲ್ಲ. ಐವತ್ತು ಜನರ ಪಟ್ಟಿಗೆ ಐವತ್ತನೆಯವರಾಗಿ ಬಂದ ಬ್ರಾಡ್ಲಿ ಒಂದು ಹೊಡೆತದ ಅಂತರದಲ್ಲಿ ಗೆದ್ದರು.

ಸಾಗರದ ತಾಯಿ, ನೀವು ಆ 8,130 ಕೇಳಿ ಹೆದರಬೇಡಿ. ಗ್ರೀನ್‌ಗೆ ಹತ್ತಿರದ ಮುಂದಿನ ಟೀಗಳು ಇರುವುದೇ ನಮಗಾಗಿ. ಎಲ್ಲಿಂದ ಆಡುವುದು ಎಂದು ಕರೆದವರು ಕೇಳಿದಾಗ ಸಂಕೋಚಕ್ಕೆ ಹಿಂದಿನ ಟೀ ಒಪ್ಪಿಕೊಳ್ಳಬೇಡಿ. ಇನ್ನೊಂದು: ಹ್ಯಾಂಡಿಕ್ಯಾಪ್ 22 ಎಂದಿರಿ. ಕೋರ್ಸ್‌ನ ಸ್ಲೋಪ್ (ಕೋರ್ಸ್ ಎಷ್ಟು ಕಷ್ಟ ಎಂಬ ಅಂಕಿ) 140 ಎಂದಿಟ್ಟುಕೊಳ್ಳಿ, 22ನ್ನು 140ರಿಂದ ಗುಣಿಸಿ, ಸಾಧಾರಣ ಕೋರ್ಸ್‌ನ ಸ್ಲೋಪ್ ಆದ 113ರಿಂದ ಭಾಗಿಸಿದರೆ 27. ಕಷ್ಟದ ಕೋರ್ಸ್‌ನಲ್ಲಿ ನಿಮಗೆ ಐದು ಹೊಡೆತ ಹೆಚ್ಚಿಗೆ ಸಲ್ಲುತ್ತದೆ. ಅದು ದಾನವಲ್ಲ, ನಿಯಮ. ಮನಸ್ಸಿನಲ್ಲಿ ಆ ಲೆಕ್ಕ ಇಟ್ಟುಕೊಂಡು ಹೊರಡಿ. ಮತ್ತೆ ಅಲ್ಲಿನ ಮಿಲ್ಕ್‌ಶೇಕ್ ವೃತ್ತಿಪರ ಆಟಗಾರರ ನಡುವೆ ಹೆಸರುವಾಸಿ, ಬಿಡಬೇಡಿ.

ಹುಬ್ಬಳ್ಳಿ ಹೈದ (ಆಗಸ್ಟ್ 7)

ಮಾಸ್ತರರ, ಎರಡು ವರ್ಷದಾಗ ತಿಳೀದಿದ್ದು ಒಂದ ಸಲಕ್ಕ ತಿಳೀತು. ಆ 2002ರ ಆಟ ಹುಡುಕಿ ನೋಡ್ತೀನ್ರಿ.

ನೀಲಗಿರಿ ದಾರಿ (ಆಗಸ್ಟ್ 8)

ನಾನು ಗುಂಡ್ಲುಪೇಟೆಯವನು, ಈಗ ಮೈಸೂರು. ಅಮೆರಿಕ ನೋಡಿಲ್ಲ, ಆದರೆ ಬೆಟ್ಟದ ಗಾಲ್ಫ್ ಅಂದ್ರೆ ನನಗೆ ಊಟಿ. ವೆನ್ಲಾಕ್ ಡೌನ್ಸ್‌ನಲ್ಲಿರೋ ಜಿಮ್ಖಾನಾ ಕ್ಲಬ್‌ನ ಹದಿನೆಂಟು ಹೋಲ್. ಎತ್ತರ ಏಳು ಸಾವಿರ ಅಡಿಗೂ ಮೇಲೆ, ಅಂದ್ರೆ ಕ್ಯಾಸಲ್ ಪೈನ್ಸ್‌ಗಿಂತ ಹೆಚ್ಚು. ಗಾಳಿಗಣಿತದವರು ಹೇಳಿದ್ದೆಲ್ಲ ಅಲ್ಲೂ ನಡೆಯುತ್ತೆ. ಒಂದು ವ್ಯತ್ಯಾಸ: ಊಟಿಯಲ್ಲಿ ಮಂಜು, ತೇವ, ಚಳಿ. ತಣ್ಣಗಿನ ಚೆಂಡು ಪುಟಿಯೋದು ಕಡಿಮೆ, ಒದ್ದೆ ಹುಲ್ಲಿನಲ್ಲಿ ಉರುಳೋದೂ ಕಡಿಮೆ. ಎತ್ತರ ಕೊಟ್ಟಿದ್ದನ್ನ ಚಳಿ ಅರ್ಧ ವಾಪಸ್ ಇಸ್ಕೊಳ್ಳುತ್ತೆ. ಬೆಳಿಗ್ಗೆ ಏಳಕ್ಕೆ ಆಡಿದ ದೂರ ಬೇರೆ, ಹನ್ನೊಂದಕ್ಕೆ ಬಿಸಿಲು ಬಂದ ಮೇಲಿನ ದೂರ ಬೇರೆ. ಮೇಡಂ, ನಿಮ್ಮದು ಬೆಳಗಿನ ಆಟವಾದರೆ ಚೆಂಡನ್ನ ಜೇಬಲ್ಲಿ ಬೆಚ್ಚಗೆ ಇಟ್ಕೊಳ್ಳಿ.

ನಾವು ನಾಲ್ಕು ಜನ ವರ್ಷಕ್ಕೊಂದು ಸಲ ಹೋಗ್ತೀವಿ. ರಾತ್ರಿ 9ಕ್ಕೆ ಮುಚ್ಚೋ ಬಂಡೀಪುರದ ಗೇಟು ಬೆಳಿಗ್ಗೆ 6ಕ್ಕೆ ತೆಗೆಯೋ ಹೊತ್ತಿಗೆ ಅಲ್ಲಿ ಸಾಲಲ್ಲಿ ನಿಂತಿರ್ತೀವಿ. ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದ ಮೇಲೆ ಕಿವಿ ಕಟ್ಟಿರುತ್ತೆ, ಬಾಯಿ ಒಣಗಿರುತ್ತೆ. ಇಳಿದ ಕೂಡಲೇ ಆಡೋಕೆ ಹೋಗಿ ಒಂದು ವರ್ಷ ನಾನು ಆರನೇ ಹೋಲ್‌ಗೆ ಕೂತುಬಿಟ್ಟೆ. ಅಲ್ಲಿಂದೀಚೆ ಹಿಂದಿನ ದಿನವೇ ಹೋಗಿ ಮಲಗ್ತೀವಿ. ನೀವೂ ಸಮುದ್ರಮಟ್ಟದಿಂದ ಹೋಗ್ತಿರೋದು, ಒಂದು ರಾತ್ರಿ ಡೆನ್ವರ್‌ನಲ್ಲಿ ಉಳೀರಿ.

ಅಲ್ಲಿನ ಗಾರ್ಸ್ ಪೊದೆ ಬಗ್ಗೆ ಹೇಳದಿದ್ರೆ ಊಟಿ ಪೂರ್ತಿ ಆಗಲ್ಲ. ಬ್ರಿಟಿಷರು ತಂದು ಹಾಕಿದ ಮುಳ್ಳುಗಿಡ, ಹಳದಿ ಹೂ. ನೋಡೋಕೆ ಎಷ್ಟು ಚೆಂದವೋ ಕೈ ಹಾಕಿದ್ರೆ ಅಷ್ಟು ಕೆಟ್ಟದು. ಮೊದಲ ಸಲ ನಾನು ಪೊದೆಗೆ ಕೈ ಹಾಕೋಕೆ ಹೋದಾಗ ನನ್ನ ಕ್ಯಾಡಿ ತೋಳು ಹಿಡಿದು ಎಳೆದರು. ಐವತ್ತು ದಾಟಿದ ಬಡಗರ ಮನುಷ್ಯ. ಅವರು ಬಡಗ ಭಾಷೆಯಲ್ಲಿ, ನಾನು ನಮ್ಮ ಗುಂಡ್ಲುಪೇಟೆ ಕನ್ನಡದಲ್ಲಿ. ನಾಲ್ಕು ಗಂಟೆ ಮಾತಾಡಿದ್ವಿ, ಒಂದು ಮಾತೂ ತಪ್ಪಿ ಹೋಗಲಿಲ್ಲ. ಆ ದಿನದ ಸ್ಕೋರ್ ನೆನಪಿಲ್ಲ, ಆ ಮಾತುಕತೆ ಇದೆ.

ಹುಲ್ಲುಗಾವಲು (ಆಗಸ್ಟ್ 9)

ನಡುವೆ ಬರುತ್ತಿದ್ದೇನೆ, ಆದರೆ ಇದನ್ನು ಹೇಳದೆ ಇರಲಾರೆ. ವೆನ್ಲಾಕ್ ಡೌನ್ಸ್ ಅಂದರೆ ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು. ನೀಲಗಿರಿಯ ಹುಲ್ಲು ಮತ್ತು ಶೋಲಾ ಕಾಡು ಮಳೆ ನೀರನ್ನು ಹಿಡಿದಿಟ್ಟು ವರ್ಷವಿಡೀ ಹೊಳೆಗೆ ಬಿಡುತ್ತವೆ. ಅದರ ಮೇಲೆ ನೀಲಗಿರಿ ಮರ, ವಾಟಲ್, ಈಗ ನೀವು ವರ್ಣಿಸಿದ ಗಾರ್ಸ್ ಬಂದು ಕೂತವು. ಗಾರ್ಸ್ ಇವತ್ತಿಗೂ ಅಲ್ಲಿನ ಹುಲ್ಲನ್ನು ನುಂಗುತ್ತಿದೆ.

ಕೊಲರಾಡೋದ ವಿಷಯವೂ ಅಷ್ಟೇ ಗಂಭೀರ. ಡೆನ್ವರ್ ಸುತ್ತ ವರ್ಷಕ್ಕೆ ಬೀಳುವುದು 400 ಮಿಲಿಮೀಟರಿಗೂ ಕಡಿಮೆ. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಅಂಥ ಒಣ ನಾಡಿನಲ್ಲಿ ಬೆಟ್ಟದ ಮೇಲೆ ಎಕರೆಗಟ್ಟಲೆ ಹಸಿರು ಉಳಿಸಲು ನೀರು ಬೇಕು, ಮತ್ತು ಆ ಹಸಿರು ಕೆಲವೇ ಸದಸ್ಯರಿಗೆ. ಆಡುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಷ್ಟದ ಕೋರ್ಸ್ ಎಂದು ಮಾತಾಡುವಾಗ ಆ ಕಷ್ಟದಲ್ಲಿ ನೆಲದ ಪಾಲೂ ಇದೆ ಎಂದು ಯಾರಾದರೂ ನೆನಪಿಸಬೇಕಲ್ಲವೇ?

ಶರಾವತಿ ಹಿನ್ನೀರು (ಆಗಸ್ಟ್ 9)

ಹುಲ್ಲುಗಾವಲು ಅವರೇ, ನೀವು ಹೇಳಿದ್ದು ನನಗೆ ತಟ್ಟಿತು. ಲಿಂಗನಮಕ್ಕಿ ಅಣೆಕಟ್ಟು ಬಂದಾಗ ನಮ್ಮಜ್ಜನ ಮನೆ ಮುಳುಗಿತು. ಯಾರ ದೀಪಕ್ಕೆ ಯಾರ ನೆಲ ಅನ್ನೋ ಪ್ರಶ್ನೆ ಕೇಳಿಕೊಂಡೇ ನಾನು ಬೆಳೆದದ್ದು. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ. ಕರೆ ಒಪ್ಪಿಕೊಂಡಾಗಿದೆ, ಹೋಗ್ತೇನೆ. ನೀರು ಎಲ್ಲಿಂದ ಬರುತ್ತೆ ಅಂತ ಕರೆದವರನ್ನು ಕೇಳ್ತೇನೆ, ಅವರು ಏನು ಹೇಳಿದರೋ ಅದನ್ನು ಇಲ್ಲಿ ಬರೀತೇನೆ.

ಚೀಲ ಹೊತ್ತವನು (ಆಗಸ್ಟ್ 10)

ಅಕ್ಕ, ಕ್ಯಾಡಿ ಬಗ್ಗೆ ಕೇಳಿದ್ರಿ, ಯಾರೂ ಸರಿಯಾಗಿ ಹೇಳಿಲ್ಲ. ನಾನ್ ಹೇಳ್ತೀನಿ. ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಹನ್ನೊಂದು ವರ್ಷ ಚೀಲ ಹೊತ್ತಿದ್ದೀನಿ. ಹದಿನಾಲ್ಕನೇ ವಯಸ್ಸಿಗೆ ಶುರು. ಸೋಮವಾರ ಕ್ಲಬ್ ಮುಚ್ಚಿರೋ ದಿನ ನಮಗೆ ಆಡೋಕೆ ಬಿಡೋರು. ಯಾರೋ ಬಿಟ್ಟು ಹೋದ ಹಳೇ ಐದು ಕ್ಲಬ್ಬನ್ನ ಏಳು ಜನ ಹಂಚಿಕೊಂಡು ಆಡ್ತಿದ್ವಿ. ಈಗ ಒಂದು ರೇಂಜ್‌ನಲ್ಲಿ ಮಕ್ಕಳಿಗೆ ಕಲಿಸ್ತೀನಿ.

ಮೊದಲ ಟೀಯಲ್ಲಿ ಕ್ಯಾಡಿ ಹೆಸರು ಕೇಳಿ. ಆ ಹೆಸರಿಟ್ಟೇ ಕರೀರಿ. ನನ್ನ ಒಬ್ಬ ಸದಸ್ಯರು ಮೂರು ವರ್ಷ "ಏಯ್" ಅಂತಾನೇ ಕರೆದ್ರು. ಅವರ ಚೀಲ ಹೊರುವಾಗ ಗೊತ್ತಿರೋದೆಲ್ಲ ಬಾಯಿಗೇ ಬರ್ತಿರಲಿಲ್ಲ ನನಗೆ. ಹೆಸರು ಹಿಡಿದು ಮಾತಾಡಿಸೋರಿಗೆ ಗಾಳಿ ಯಾವ ಕಡೆ ತಿರುಗಿತು ಅಂತ ಕೇಳೋಕೆ ಮುಂಚೆನೇ ಹೇಳ್ತಿದ್ದೆ.

ಎರಡನೇದು, ನಿಮ್ಮ ಆಟದ ಸತ್ಯ ಹೇಳಿಬಿಡಿ. "7 ಐರನ್ 125, ಬಲಕ್ಕೆ ಹೋಗುತ್ತೆ, ಬಂಕರ್ ಅಂದ್ರೆ ಭಯ." ಇಷ್ಟೇ ಸಾಕು. ಜನ 150 ಅಂತ ಸುಳ್ಳು ಹೇಳ್ತಾರೆ, ನಾವು 150ಕ್ಕೆ ಕ್ಲಬ್ ಕೊಡ್ತೀವಿ, ಚೆಂಡು ನೀರಿಗೆ ಬೀಳುತ್ತೆ, ಬೈಗುಳ ನಮಗೆ. ಮೂರನೇ ಹೋಲ್ ಹೊತ್ತಿಗೆ ನಿಜ ನಮಗೆ ಗೊತ್ತಾಗೇ ಆಗುತ್ತೆ. ಆ ಮೂರು ಹೋಲ್ ಯಾಕೆ ವ್ಯರ್ಥ ಮಾಡ್ಕೋತೀರಾ?

ಮೂರನೇದು, ಕ್ಯಾಡಿ ಒಂದು ಗೆರೆ ತೋರಿಸಿದ್ರೆ ಆ ಗೆರೆಗೇ ಹೊಡೀರಿ. ಅನುಮಾನ ಇದ್ರೆ ಹೊಡೆಯೋಕೆ ಮುಂಚೆ ಕೇಳಿ. ಅರ್ಧ ಅವರ ಮಾತು ಅರ್ಧ ನಿಮ್ಮ ಮನಸ್ಸು ಅಂತ ಹೊಡೆದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸೋ ಹೊಡೆತ) ಎಲ್ಲೂ ಹೋಗಲ್ಲ.

ಕ್ಯಾಡಿಗೆ ಕೊಡೋ ಹಣ ನೋಟಲ್ಲಿ ತಗೊಂಡೋಗಿ, ಎಷ್ಟು ಅಂತ ಕರೆದವರನ್ನ ಮುಂಚೆನೇ ಕೇಳಿ. ಗ್ರೀನ್ ಮೇಲೆ ಚೆಂಡು ಬಿದ್ದ ಗುಂಡಿ ನೀವೇ ಸರಿ ಮಾಡಿ. ಸ್ಕೋರ್ ನೂರು ದಾಟಿದ್ರೆ ಯಾರೂ ಏನೂ ಅಂದ್ಕೊಳಲ್ಲ. ಗುಂಡಿ ಬಿಟ್ಟು ಹೋದ್ರೆ ಅಂದ್ಕೋತಾರೆ.

ಇನ್ನೊಂದು ಮಾತು. ಬಿಎಂಡಬ್ಲ್ಯೂ ಚಾಂಪಿಯನ್‌ಶಿಪ್ ಹಣ ಎವಾನ್ಸ್ ಸ್ಕಾಲರ್ಸ್ ಅನ್ನೋ ವಿದ್ಯಾರ್ಥಿವೇತನಕ್ಕೆ ಹೋಗುತ್ತೆ. ಚಿಕ್ ಎವಾನ್ಸ್ ತಾನೇ ಕ್ಯಾಡಿ ಆಗಿದ್ದವರು, 1916ರಲ್ಲಿ ಯು.ಎಸ್. ಓಪನ್, ಯು.ಎಸ್. ಅಮೆಚೂರ್ ಎರಡನ್ನೂ ಗೆದ್ರು. ಅವರ ಹೆಸರಲ್ಲಿ 1930ರಿಂದ ಕ್ಯಾಡಿ ಮಕ್ಕಳನ್ನ ಕಾಲೇಜಿಗೆ ಕಳಿಸ್ತಿದ್ದಾರೆ. ನಾನು ಹತ್ತನೇ ಕ್ಲಾಸಿಗೇ ಬಿಟ್ಟೆ. ನಮ್ಮಲ್ಲೂ ಬಿಡದಿ ಹತ್ತಿರದ ಈಗಲ್‌ಟನ್‌ನಲ್ಲಿ ಆಟ ಕಲಿತ ಚಿಕ್ಕರಂಗಪ್ಪ ಅಣ್ಣನಂಥೋರು ವೃತ್ತಿಪರರಾದ್ರು. ಅವರನ್ನ ನೋಡಿದ್ರೆ ಎದೆ ತುಂಬುತ್ತೆ. ಆದ್ರೆ ಆಟದಲ್ಲಿ ಮೇಲೆ ಬರದ ಹುಡುಗರಿಗೂ ಓದು ಸಿಗೋ ದಾರಿ ನಮ್ಮ ಕ್ಲಬ್‌ಗಳು ಮಾಡ್ಬೇಕು. ಇದನ್ನ ನಾನು ಹೋದಲ್ಲೆಲ್ಲ ಹೇಳ್ತೀನಿ, ಇಲ್ಲೂ ಹೇಳ್ತಿದ್ದೀನಿ.

ಗಾಳಿಗಣಿತ (ಆಗಸ್ಟ್ 11)

ಒಂದು ವಿಷಯ ಬಿಟ್ಟುಹೋಗಿತ್ತು, ಇದು ಪ್ರಾಣದ ಪ್ರಶ್ನೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಧ್ಯಾಹ್ನ ಗುಡುಗು ಮಿಂಚು ದಿನಾ ಅನ್ನೋ ಹಾಗೆ ಬರುತ್ತೆ. ಬೆಳಿಗ್ಗೆ ಆಕಾಶ ತೊಳೆದ ಹಾಗೆ ಇರುತ್ತೆ, ಎರಡು ಗಂಟೆಗೆ ಬೆಟ್ಟದ ಹಿಂದಿನಿಂದ ಕಪ್ಪು ಮೋಡ. ಸೈರನ್ ಕೂಗಿದ್ರೆ ಹೋಲ್ ಮುಗಿಸಿ ಬರ್ತೀನಿ ಅನ್ನಬಾರದು, ಅಪಾಯದ ಸೈರನ್‌ಗೆ ಆಟ ಆ ಕ್ಷಣಕ್ಕೇ ನಿಲ್ಲಬೇಕು ಅನ್ನೋದು ನಿಯಮವೇ ಇದೆ.

ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ಕಿಲೋಮೀಟರ್ ಮೇಲೇರಿದ ಹಾಗೆ ನೇರಳಾತೀತ ಕಿರಣ ಶೇಕಡಾ ಹತ್ತರಷ್ಟು ಹೆಚ್ಚುತ್ತೆ. ಚೆಂಡು ಓಕ್ ಪೊದೆ ಒಳಗೆ ಹೋದ್ರೆ ಕೈ ಹಾಕಬೇಡಿ, ರ‍್ಯಾಟಲ್ ಸ್ನೇಕ್ ಇರೋ ಜಾಗ. ಹಾವು ಇದ್ರೆ ದಂಡ ಇಲ್ಲದೆ ಚೆಂಡು ಆಚೆ ಇಟ್ಟು ಆಡೋಕೆ ನಿಯಮ ಬಿಡುತ್ತೆ. ಹುಡುಕೋಕೆ ಇರೋದೇ ಮೂರು ನಿಮಿಷ, ಅನುಮಾನ ಬಂದ ಕೂಡಲೇ ಇನ್ನೊಂದು ಚೆಂಡು ಹೊಡೆದಿಡಿ.

ಪಟ್ ವಿಷಯ. ನಮ್ಮೂರಿನ ಬ್ರಾಡ್‌ಮೂರ್ ಕೋರ್ಸ್‌ನಲ್ಲಿ ಎಲ್ಲರೂ ಹೇಳೋದು ಒಂದೇ: ಪಟ್ ಬೆಟ್ಟದ ಮೇಲಿನ ವಿಲ್ ರೋಜರ್ಸ್ ಸ್ಮಾರಕದಿಂದ ದೂರ ಹೋಗುತ್ತೆ. ಕಣ್ಣಿಗೆ ಏರು ಕಂಡರೂ ಚೆಂಡು ಇಳೀತಾ ಹೋಗುತ್ತೆ. ಇಡೀ ನೆಲವೇ ಓರೆಯಾಗಿದ್ದಾಗ ಕಣ್ಣು ಅದನ್ನೇ ಸಮ ಅಂದುಕೊಳ್ಳುತ್ತೆ. ನೀವು ಹೋಗೋ ಕಡೆಯೂ ಬೆಟ್ಟ ಯಾವ ಕಡೆ ಅಂತ ಮೊದಲು ನೋಡಿಕೊಳ್ಳಿ.

ಶರಾವತಿ ಹಿನ್ನೀರು (ಸೆಪ್ಟೆಂಬರ್ 2)

ಆಡಿ ಬಂದೆ. ಉದ್ದ ಬರೀತೇನೆ, ಬೇಸರ ಮಾಡ್ಕೋಬೇಡಿ.

ಹಿಂದಿನ ರಾತ್ರಿ ಡೆನ್ವರ್‌ನಲ್ಲಿ ಉಳಿದೆ. ಬೆಳಿಗ್ಗೆ ರೇಂಜ್‌ನಲ್ಲಿ 7 ಐರನ್, 5 ಹೈಬ್ರಿಡ್, ವೆಜ್, ಹತ್ತತ್ತು ಚೆಂಡು. 7 ಐರನ್ ಸರಾಸರಿ 133! ವೆಜ್ ಎರಡೇ ಗಜ ಜಾಸ್ತಿ. ಗಾಳಿಗಣಿತ ಸರ್, ಆ ಕಾಗದ ಇನ್ನೂ ಚೀಲದಲ್ಲಿದೆ.

ನನ್ನ ಕ್ಯಾಡಿ ಇಪ್ಪತ್ತರ ಹುಡುಗಿ. ಬೌಲ್ಡರ್‌ನ ವಿಶ್ವವಿದ್ಯಾಲಯದಲ್ಲಿ ಓದ್ತಾಳೆ, ಎವಾನ್ಸ್ ಸ್ಕಾಲರ್. ಚೀಲ ಹೊತ್ತವನು ಅಣ್ಣ, ನೀವು ಬರೆದದ್ದು ಓದಿರದಿದ್ದರೆ ಆ ಮಾತಿನ ತೂಕ ನನಗೆ ತಿಳೀತಾನೇ ಇರಲಿಲ್ಲ. ಹೆಸರು ಕೇಳಿದೆ, ನನ್ನ ಆಟದ ಸತ್ಯ ಹೇಳಿದೆ. ಅವಳು ತಲೆ ಆಡಿಸಿ, "ಹಾಗಾದರೆ ಇವತ್ತು ನಾವು ಎಡಗಡೆಯ ಪೈನ್ ಮರಗಳ ಜೊತೆ ಸ್ನೇಹ ಮಾಡೋಣ" ಅಂದಳು.

ಮೊದಲ ಟೀ. ಕೆಳಗೆ ಕಣಿವೆ ಹಾಗೆ ಇಳಿಯುವ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ದಾರಿ), ಎರಡೂ ಬದಿಗೆ ಪಾಂಡರೋಸಾ ಪೈನ್, ಅವುಗಳ ಕೆಳಗೆ ಕುಳ್ಳ ಓಕ್ ಪೊದೆ. ನಮ್ಮ ಕಡೆ ಜೋಗದ ರಸ್ತೆಯಲ್ಲಿ ಕಾಡು ತೆರೆದು ಥಟ್ಟನೆ ಕಣಿವೆ ಕಾಣುತ್ತಲ್ಲ, ಹಾಗೆ ಎದೆ ಧಸಕ್ ಅಂತು. ಮುಂದಿನ ಟೀಯಿಂದಲೇ ಹೊಡೆದೆ. ಚೆಂಡು ಹೋಯ್ತು, ಹೋಯ್ತು, ಹೋಗ್ತಾನೇ ಇತ್ತು. ನನ್ನ ಜೀವನದಲ್ಲಿ ನಾನು ಹೊಡೆದ ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿದ್ದದ್ದು ನೋಡಿರಲಿಲ್ಲ.

ಆ ಖುಷಿಯಲ್ಲೇ ತಪ್ಪು ಮಾಡಿದೆ. ಗ್ರೀನ್‌ಗೆ ಉಳಿದದ್ದು 110 ಗಜ, ಇಳಿಜಾರು. ಅವಳು ವೆಜ್ ಅಂದಳು. ಊರಿನ ಅಭ್ಯಾಸ, ನನಗೆ 9 ಐರನ್ ಬೇಕು ಅನಿಸಿತು. ಅದನ್ನೇ ತಗೊಂಡೆ. ಗ್ರೀನ್ ಮೇಲಿಂದ ಹಾದು ಹಿಂದಿನ ಪೊದೆಯೊಳಗೆ ಹೋಯ್ತು. ಮುಂದಿನ ಮೂರು ಹೋಲ್‌ಗೆ ಉಲ್ಟಾ ತಪ್ಪು: ಜಾಸ್ತಿ ಹೋಗುತ್ತೆ ಅನ್ನೋ ಭಯಕ್ಕೆ ದೊಡ್ಡ ಕ್ಲಬ್ಬನ್ನೇ ಮೆತ್ತಗೆ ಆಡಿಸಿದೆ. ಮೆತ್ತಗೆ ಆಡಿಸಿದರೆ ಚೆಂಡು ನನ್ನದಲ್ಲ, ಎಡಕ್ಕೋ ಬಲಕ್ಕೋ. ಐದನೇ ಟೀಯಲ್ಲಿ ಅವಳು ನಯವಾಗಿ ಹೇಳಿದಳು: ಚಿಕ್ಕ ಕ್ಲಬ್ ಹಿಡೀರಿ, ಪೂರ್ತಿ ಹೊಡೀರಿ. ಅಲ್ಲಿಂದ ಆಟ ಬದಲಾಯ್ತು. ಒಂದು ಪಾರ್ 3ರಲ್ಲಿ 120 ಗಜ ಕೆಳಕ್ಕೆ, ನನ್ನ ಲೆಕ್ಕಕ್ಕೆ 8 ಐರನ್, ಅವಳ ಲೆಕ್ಕಕ್ಕೆ ಅದಕ್ಕಿಂತ ಎರಡು ಚಿಕ್ಕದು. ಕಣ್ಣು ಮುಚ್ಚಿ ಅವಳನ್ನೇ ನಂಬಿದೆ. ಧ್ವಜದಿಂದ ಹತ್ತು ಅಡಿಗೆ ನಿಂತಿತು.

ಆದರೆ ಪಟ್. ಆ ದಿನ ಪೂರ್ತಿ ನನ್ನನ್ನು ಸೋಲಿಸಿದ್ದು ಪಟ್. ನಾನು ಏರು ಅಂದುಕೊಂಡದ್ದೆಲ್ಲ ಇಳಿಜಾರು. ಗ್ರೀನ್‌ಗಳು ಅಷ್ಟು ವೇಗ, ಮುಟ್ಟಿದರೆ ಓಡುತ್ತೆ. ಒಂದು ಕಡೆ ಆರಡಿಯ ಪಟ್ ತಪ್ಪಿ ಇಪ್ಪತ್ತಡಿ ಕೆಳಗೆ ಹೋಯ್ತು, ಅಲ್ಲಿಂದ ಇನ್ನೂ ಮೂರು. ಕೊನೆಯ ಒಂಬತ್ತು ಹೋಲ್‌ಗಳಲ್ಲಿ, ಪಕ್ಕದಲ್ಲಿ ಕೊಳ ಇರುವ ಗ್ರೀನ್ ಒಂದರಲ್ಲಿ ನಾನು ಗೆರೆ ಹುಡುಕ್ತಾ ಕೂತಿದ್ದಾಗ ಅವಳು ಪಕ್ಕಕ್ಕೆ ಬಂದು ಕೇಳಿದಳು: "ಇಲ್ಲಿ ಒಂದು ಬಕೆಟ್ ನೀರು ಸುರಿದರೆ ಎತ್ತ ಹರಿಯುತ್ತೆ?"

ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಅಡಿಕೆ ತೋಟ ಗುಡ್ಡದ ಬುಡದಲ್ಲಿದೆ. ಮಳೆಗಾಲಕ್ಕೆ ಮುಂಚೆ ಕಾಲುವೆ ತೆಗೆಸುವಾಗ ಅಪ್ಪ ಕಣ್ಣಳತೆ ನಂಬುತ್ತಲೇ ಇರಲಿಲ್ಲ. ನನ್ನ ಕೈಲಿ ಕೊಡ ಕೊಟ್ಟು ಬಾವಿಯಿಂದ ನೀರು ತರಿಸೋರು, ಒಂದು ಕೊಡ ನೆಲಕ್ಕೆ ಸುರಿಯೋರು. ನಾನು ಏರು ಅಂತ ಹಟ ಹಿಡಿದ ಕಡೆಗೇ ನೀರು ನಿಧಾನಕ್ಕೆ ಹೋಗೋದು. ಗುಡ್ಡ ಬೆನ್ನಿಗಿದ್ದರೆ ಕಣ್ಣಿಗೆ ಹಾಗೇ ಕಾಣೋದು ಕೂಸೆ ಅನ್ನೋರು. ಆಗ ನನಗೆ ಹತ್ತು ವರ್ಷ.

ಎದ್ದು ಗ್ರೀನ್ ಸುತ್ತ ಒಂದು ಸುತ್ತು ನಡೆದೆ. ಕಣ್ಣು ಬಿಟ್ಟು ಕಾಲಲ್ಲಿ ನೋಡಿದೆ. ಹಿಮ್ಮಡಿ ಮೇಲೆ ಭಾರ ಬೀಳುತ್ತಾ, ಬೆರಳ ಮೇಲಾ. ಬೆಟ್ಟ ನನ್ನ ಎಡಕ್ಕಿತ್ತು, ನೀರು ಬಲಕ್ಕೆ ಕೊಳದ ಕಡೆ ಹೋಗಬೇಕು. ಕಣ್ಣಿಗೆ ನೇರ ಕಂಡ ಪಟ್ಟನ್ನು ಎರಡು ಅಡಿ ಎಡಕ್ಕೆ ಹೊಡೆದೆ. ಬಾಗಿ ಬಾಗಿ ಒಳಗೆ ಹೋಯ್ತು. ಅವಳು ನನಗಿಂತ ಜೋರಾಗಿ ಕೂಗಿದಳು.

ಉಳಿದ ಹೋಲ್‌ಗಳಲ್ಲಿ ಮೂರು ಪಟ್ ಹೊಡೆದದ್ದು ಒಂದೇ ಕಡೆ. ಮಧ್ಯೆ ಸೈರನ್ ಕೂಗಿತು, ಓಡಿ ಒಳಗೆ ಸೇರಿಕೊಂಡೆವು, ಐವತ್ತು ನಿಮಿಷ ಗುಡುಗು. ಆ ಹೊತ್ತಲ್ಲಿ ಮಿಲ್ಕ್‌ಶೇಕ್ ಕುಡಿದೆ. ಮೂರನೇ ಟೀ ಅಪ್ಪಾಜಿ, ಹೆಸರು ಸುಮ್ಮನೆ ಬಂದಿಲ್ಲ. ಕೊನೆಗೆ ಸ್ಕೋರ್ 108, ಕಳೆದ ಚೆಂಡು ಏಳು.

ನೀರಿನ ಬಗ್ಗೆ ಕೇಳಿದೆ. ಕರೆದವರು ಸಿಟ್ಟಾಗಲಿಲ್ಲ. ಹುಲ್ಲಿಗೆ ನೀರು ಕೊಡುವ ಜಾಗ ಯಾವುದು, ಹಾಗೇ ಬಿಟ್ಟ ಓಕ್ ಪೊದೆಯ ಜಾಗ ಯಾವುದು ಅಂತ ತೋರಿಸಿದರು. ತಮ್ಮ ಮನೆಯ ಅಂಗಳದ ಹುಲ್ಲು ಕಿತ್ತು ಕಲ್ಲು ಹಾಸಿದ್ದಾರಂತೆ. ಕ್ಲಬ್‌ನ ಲೆಕ್ಕ ವಿಚಾರಿಸಿ ತಿಳಿಸ್ತೇನೆ ಅಂದಿದ್ದಾರೆ. ಬಂದರೆ ಇಲ್ಲೇ ಹಾಕ್ತೇನೆ.

ಹುಲ್ಲುಗಾವಲು (ಸೆಪ್ಟೆಂಬರ್ 2)

ಕೇಳಿದ್ದಕ್ಕೆ ಧನ್ಯವಾದ. ಎಲ್ಲರೂ ಕೇಳುವುದಿಲ್ಲ. ಲೆಕ್ಕಕ್ಕಾಗಿ ಕಾಯುತ್ತೇನೆ, ಬರದಿದ್ದರೆ ಇನ್ನೊಮ್ಮೆ ನೆನಪಿಸುತ್ತೇನೆ. ನಿಮ್ಮ ತಂದೆಯ ಕೊಡದ ವಿಷಯವನ್ನು ನಮ್ಮ ಮನೆಯಲ್ಲಿ ಓದಿ ಹೇಳಿದೆ.

ಮೂರನೇ ಟೀ (ಸೆಪ್ಟೆಂಬರ್ 3)

108ರಲ್ಲಿ 27 ಕಳೆದರೆ 81. ಮೊದಲ ಸಲ ಬೆಟ್ಟ ಹತ್ತಿದವರಿಗೆ ಇದು ಒಳ್ಳೆಯ ಆಟ ತಾಯಿ. ಆ ಹುಡುಗಿಗೆ ಪತ್ರ ಬರೆಯಿರಿ.

ಚೀಲ ಹೊತ್ತವನು (ಸೆಪ್ಟೆಂಬರ್ 3)

ಅಕ್ಕ, ಆ ಬಕೆಟ್ ಮಾತು ನಮ್ಮ ಹಳೇ ಕ್ಯಾಡಿಗಳೂ ಹೇಳ್ತಿದ್ರು, ಬಿಂದಿಗೆ ಅಂತಿದ್ರು. ಅಲ್ಲೂ ಅದನ್ನೇ ಹೇಳ್ತಾರೆ ಅಂತ ಇವತ್ತು ಗೊತ್ತಾಯ್ತು. ಆ ಹುಡುಗಿ ಏನು ಓದ್ತಿದ್ದಾಳೆ?

ಶರಾವತಿ ಹಿನ್ನೀರು (ಸೆಪ್ಟೆಂಬರ್ 3)

ಸಿವಿಲ್ ಎಂಜಿನಿಯರಿಂಗ್ ಅಣ್ಣ. ನಿಮ್ಮ ಬಗ್ಗೆ ಹೇಳಿದೆ ಅವಳಿಗೆ, ಐದು ಕ್ಲಬ್ಬನ್ನು ಏಳು ಜನ ಹಂಚಿಕೊಂಡ ಕತೆ. ಪೂರ್ತಿ ಕೇಳಿಸಿಕೊಂಡು, ಆ ಏಳು ಜನ ಈಗ ಎಲ್ಲಿದ್ದಾರೆ ಅಂತ ಕೇಳಿದಳು.

ಚೀಲ ಹೊತ್ತವನು (ಸೆಪ್ಟೆಂಬರ್ 4)

ಇಬ್ಬರು ಇನ್ನೂ ಚೀಲ ಹೊರ್ತಾರೆ. ಒಬ್ಬ ಆಟೋ ಓಡಿಸ್ತಾನೆ. ಒಬ್ಬ ಅದೇ ಕ್ಲಬ್‌ನಲ್ಲಿ ಹುಲ್ಲು ನೋಡ್ಕೋತಾನೆ, ಅವನಷ್ಟು ಗ್ರೀನ್ ಗೊತ್ತಿರೋನು ಬೆಂಗಳೂರಲ್ಲಿ ಇಲ್ಲ. ಒಬ್ಬ ತೀರಿಕೊಂಡ. ಒಬ್ಬ ಎಲ್ಲೋ ಗೊತ್ತಿಲ್ಲ. ಇನ್ನೊಬ್ಬ ನಾನು. ಹೇಳಿ ಅವಳಿಗೆ.

ನೀಲಗಿರಿ ದಾರಿ (ಸೆಪ್ಟೆಂಬರ್ 4)

ಮೇಡಂ, ಡಿಸೆಂಬರ್‌ನಲ್ಲಿ ಊರಿಗೆ ಬಂದ್ರೆ ತಿಳಿಸಿ, ನಾವು ನಾಲ್ಕು ಜನ ಊಟಿಗೆ ಹೋಗೋದಿದೆ. ಚೀಲ ಹೊತ್ತವರೇ, ನೀವೂ ಬನ್ನಿ. ಚೀಲ ಹೊರೋಕಲ್ಲ, ಆಡೋಕೆ.

ಹುಬ್ಬಳ್ಳಿ ಹೈದ (ಸೆಪ್ಟೆಂಬರ್ 5)

ಎಲ್ಲಾರದೂ ಓದಿದೆ. ಮುಂದಿನ ತಿಂಗಳ ಕೆಲಸಕ್ಕಂತ ಬೆಂಗಳೂರಿಗೆ ಬರಾಕತ್ತೀನ್ರಿ. ಟಿವ್ಯಾಗ ನೋಡೂದು ಸಾಕಾತು, ಒಮ್ಮೆ ಕ್ಲಬ್ ಕೈಯಾಗ ಹಿಡೀಬೇಕು ಅನಸ್ತದ. ಎಲ್ಲಿ ಕಲೀಬೇಕು, ಏನ ತರಬೇಕು?

ಚೀಲ ಹೊತ್ತವನು (ಸೆಪ್ಟೆಂಬರ್ 5)

ತಮ್ಮಾ, ನನಗೆ ಇಲ್ಲೇ ಮೆಸೇಜ್ ಹಾಕು. ಶನಿವಾರ ಬೆಳಿಗ್ಗೆ ಆರೂವರೆಗೆ ಬಾ, ಆಮೇಲೆ ಬಿಸಿಲು. ಕ್ಲಬ್ ನಾನ್ ಕೊಡ್ತೀನಿ. ಕಾಲಿಗೆ ಸರಿಯಾಗಿ ಕೂರೋ ಹಳೇ ಶೂ ಹಾಕ್ಕೊಂಡು ಬಾ.